ಖಾಲಿ ಹಾಳೆಯ ಪಾರದರ್ಶಕತೆ: ಚಿದ್ರಿಯ ಕಡೆಯಿಂದ ಒಂದು ಮೀಮಾಂಸೆ

ಪಾರದರ್ಶಕ ಆಡಳಿತದ ಬಗ್ಗೆ ದೆಹಲಿ, ಬೆಂಗಳೂರಿನ ಪಂಡಿತರು ಬರೆದದ್ದು ರಾಶಿ ಇದೆ. ಅವರಲ್ಲಿ ಒಬ್ಬರೂ ಬೀದರಿನ ಚಿದ್ರಿಯಲ್ಲಿ ನಿಂತು ವಿಷಯವನ್ನು ನೋಡಿಲ್ಲವಾದ್ದರಿಂದ ಆ ಸಿದ್ಧಾಂತಗಳೆಲ್ಲ ಅಪೂರ್ಣ. ಆ ಕೊರತೆ ನೀಗುವುದು ಈ ಪ್ರಬಂಧದ ವಿನಮ್ರ ಉದ್ದೇಶ.

ಮೊದಲು ಸಹಭಾಗಿತ್ವದ ಗಣಿತ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ 243-ಎಸ್ ವಿಧಿ, 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರದಲ್ಲಿ ವಾರ್ಡ್ ಸಮಿತಿ ಇರಲೇಬೇಕು ಎನ್ನುತ್ತದೆ. 2011ರ ಜನಗಣತಿಯಲ್ಲಿ ಬೀದರ ನಗರದ ಲೆಕ್ಕ ಸುಮಾರು 2.16 ಲಕ್ಷ. ಅಂದರೆ ಚಿದ್ರಿಯವರು ತಮ್ಮ ಚರಂಡಿಯ ಬಗ್ಗೆ ಸಂವಿಧಾನಬದ್ಧವಾಗಿ ಬಾಯಿ ಬಿಡಲು ಸುಮಾರು 84 ಸಾವಿರ ಜನ ಕಡಿಮೆ ಬಿದ್ದಿದ್ದರು. ಭಾಲ್ಕಿ, ಔರಾದಿನ ನೆಂಟರನ್ನು ಕರೆಸಿ ಕೂಡಿಸಿಕೊಳ್ಳೋಣವೆಂದರೆ ಗಣತಿಶಾಸ್ತ್ರ ಒಪ್ಪುವುದಿಲ್ಲ. ವಾಯುಪಡೆಯ ತರಬೇತಿ ವಿಮಾನ ತಲೆಯ ಮೇಲೆ ಹಾದಾಗ ಚಿದ್ರಿಯಲ್ಲಿ ಪಕ್ಕದವರ ಮಾತೂ ಕೇಳಿಸದಾದ್ದರಿಂದ ನಷ್ಟ ಅಷ್ಟೇನೂ ದೊಡ್ಡದಲ್ಲ ಎಂಬ ಇನ್ನೊಂದು ಪಂಥವೂ ಉಂಟು.

ಹಳ್ಳಿಗೆ ಈ ಸಂಖ್ಯಾದೋಷವಿಲ್ಲ. ಅಲ್ಲಿ ಗ್ರಾಮಸಭೆ ಇದೆ, ಕೋರಂ ಇದೆ, ಅದಕ್ಕಿಂತ ಮುಖ್ಯವಾಗಿ ರಿಜಿಸ್ಟರ್ ಇದೆ. ಜನ ಸಭೆಗೆ ಹೋಗುವುದು ಹಳೆಯ ಪದ್ಧತಿ. ಸಭೆಯೇ ಜನರ ಮನೆಗೆ ಬರುವುದು ಸುಧಾರಿತ ಪದ್ಧತಿ. ಒಂದು ಮಧ್ಯಾಹ್ನ ರಿಜಿಸ್ಟರ್ ಹೊತ್ತ ಹುಡುಗ ಅಂಗಳದಲ್ಲಿ ನಿಲ್ಲುತ್ತಾನೆ.

"ಕಾಕಾ, ಇಲ್ಲೊಂದು ಸಹಿ ಹಾಕ್ರಿ."

"ಯಾತರದೋ ಇದು?"

"ಠರಾವು ರೀ."

"ಮ್ಯಾಲ ಏನೂ ಬರದೇ ಇಲ್ಲಲ್ಲೋ?"

"ಆಮ್ಯಾಲ ಬರ್ಕೋತಾರ್ರಿ."

ಕಾಕಾ ಸಹಿ ಹಾಕುತ್ತಾರೆ. ಕಾಕೂ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ಸೆರಗಿಗೆ ಕೈ ಒರೆಸಿ ಹೆಬ್ಬೆಟ್ಟು ಒತ್ತುತ್ತಾರೆ. ನೀಲಿ ಮಸಿಯ ಅಂಚಿಗೆ ಚೂರು ಜೋಳದ ಹಿಟ್ಟು ಅಂಟಿ ಉಳಿಯುತ್ತದೆ. ಮುಂದೆ ಆ ಪುಟದಲ್ಲಿ ಏನೇ ಬರೆಯಲಿ, ಕಣ್ಣು ಮುಚ್ಚಿ ನಂಬಬಹುದಾದ ದಾಖಲೆ ಆ ಹಿಟ್ಟೊಂದೇ. ಪ್ರಸ್ತುತ ಲೇಖಕನ ಮುಖ್ಯ ಪ್ರಮೇಯ ಹುಟ್ಟುವುದು ಇಲ್ಲೇ: ಸುಳ್ಳು ಹೇಳಲಿಕ್ಕಾದರೂ ನಾಲ್ಕಕ್ಷರ ಬೇಕು, ಆದ್ದರಿಂದ ಖಾಲಿ ಹಾಳೆಯಷ್ಟು ಪಾರದರ್ಶಕವಾದ ದಾಖಲೆ ಮತ್ತೊಂದಿಲ್ಲ.

ಪೂರ್ವಪಕ್ಷದವರು ತಕ್ಷಣ 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಎತ್ತುತ್ತಾರೆ. ಅದರ 4ನೇ ಪ್ರಕರಣ, ಯಾರೂ ಕೇಳದಿದ್ದರೂ ಕಚೇರಿಗಳು ತಾವಾಗಿ ಪ್ರಕಟಿಸಬೇಕಾದ 17 ಬಾಬುಗಳನ್ನು ಪಟ್ಟಿ ಮಾಡಿದೆ. ಅದರಲ್ಲೊಂದು ಬಾಬು ನ್ಯಾಯಶಾಸ್ತ್ರದ ರತ್ನ: ಕಚೇರಿಯ ಸಮಿತಿಗಳ ಸಭೆಗೆ ಸಾರ್ವಜನಿಕರಿಗೆ ಪ್ರವೇಶವಿದೆಯೇ, ನಡಾವಳಿ ಅವರ ಕೈಗೆ ಸಿಗುತ್ತದೆಯೇ ಎಂಬುದನ್ನು ತಿಳಿಸಬೇಕು. ತಿಳಿಸಬೇಕು ಅಷ್ಟೇ. "ಇಲ್ಲ" ಎಂದು ದಪ್ಪಕ್ಷರದಲ್ಲಿ ತಿಳಿಸಿದರೂ ಆ ಬಾಬು ಪೂರ್ತಿಯಾಯಿತು. ಬಾಗಿಲು ಮುಚ್ಚಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವುದೂ ಪಾರದರ್ಶಕತೆಯೇ.

ಇನ್ನು ವಿಳಂಬದ ಅರ್ಥಶಾಸ್ತ್ರ. ಇದರಲ್ಲಿ ಬೀದರ ಜಿಲ್ಲೆ ಇಡೀ ರಾಜ್ಯಕ್ಕೆ ಹಿರಿಯಣ್ಣ. ಸಕಾಲ ಯೋಜನೆ 2012ರ ಏಪ್ರಿಲ್ 2ರಂದು ರಾಜ್ಯಕ್ಕೆಲ್ಲ ಬರುವ ಮುನ್ನ ಅದನ್ನು ಪ್ರಯೋಗಕ್ಕೆ ಹಚ್ಚಿದ ನಾಲ್ಕು ತಾಲ್ಲೂಕುಗಳಲ್ಲಿ ಔರಾದೂ ಒಂದು. ಹೇಳಿದ ದಿನಕ್ಕೆ ಕೆಲಸವಾಗದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಭಾಗಿಸಿ ನೋಡಿ: 26ನೇ ದಿನದಿಂದ ವಿಳಂಬ ಪುಕ್ಕಟೆ. ಮಾಹಿತಿ ಹಕ್ಕಿನಲ್ಲಿ ದಂಡ ದಿನಕ್ಕೆ 250, ಮಿತಿ 25,000. ಅಲ್ಲಿ ಪುಕ್ಕಟೆ ಶುರುವಾಗುವುದು 101ನೇ ದಿನ. ಅವಸರದಲ್ಲಿ ತಡಮಾಡಿದರೆ ದುಬಾರಿ, ಸಾವಕಾಶವಾಗಿ ತಡಮಾಡಿದರೆ ಅಗ್ಗ. ಅರ್ಜಿದಾರನಿಗೂ ಶಿಸ್ತು ಬೇಡವೇ? ನಮ್ಮ ರಾಜ್ಯದ ನಿಯಮದಂತೆ ಅವನು ಒಂದೇ ವಿಷಯವನ್ನು, ಸಾಮಾನ್ಯವಾಗಿ 150 ಪದ ಮೀರದಂತೆ ಕೇಳಬೇಕು. ಉತ್ತರಕ್ಕೆ ಕನಿಷ್ಠ ಇಷ್ಟು ಪದವೆಂಬ ಕಟ್ಟು ಇಲ್ಲ.

ಇಷ್ಟಕ್ಕೆಲ್ಲ ಐತಿಹಾಸಿಕ ಆಧಾರ ಬೇಕೆನ್ನುವವರು ಚಿದ್ರಿಯಿಂದ ಊರೊಳಗೆ ನಡೆದು, 1472ರಲ್ಲಿ ಎದ್ದು ನಿಂತ ಮದರಸಾದ ಮುಂದೆ ನಿಲ್ಲಬಹುದು. ಅದನ್ನು ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗಾವಾನನ ವೈರಿಗಳು ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡು, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಆಮ್ಯಾಲ ಬರ್ಕೊಂಡರು, ಒಡಿಶಾದ ರಾಜನಿಗೆ ದಂಡೆತ್ತಿ ಬಾ ಎಂಬ ಆಹ್ವಾನ. ಸುಲ್ತಾನ ಮೂರನೇ ಮಹಮದ್ ಶಾಹ ಕಾಗದ ತೋರಿಸಿದಾಗ ಮುದ್ರೆ ತನ್ನದೇ, ಬರಹ ಮಾತ್ರ ತನ್ನದಲ್ಲ ಎಂದ ಗಾವಾನ್. 1481ರಲ್ಲಿ ತಲೆ ಹೋಯಿತು.

ಈಗಿನ ಕಾಯ್ದೆಯಲ್ಲಿ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕು. ಗಾವಾನನ ಅರ್ಜಿ ನಿಸ್ಸಂದೇಹವಾಗಿ ಆ ವರ್ಗದ್ದು. ಆ ಬರಹ ಯಾರದು, ಯಾವಾಗ ಬರೆದದ್ದು ಎಂದು ಅವನು 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಕೇಳಿದ್ದರೆ ಉತ್ತರ ಹೀಗಿರುತ್ತಿತ್ತು: ಮುದ್ರೆಯು ತಮ್ಮದೇ ಎಂದು ತಾವೇ ಒಪ್ಪಿಕೊಂಡಿರುವುದರಿಂದ ತಮ್ಮ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ.