ಫೈರ್‌ವಾಲ್ ರಾಯರು

ನಮ್ಮ ಬೀದಿಯಲ್ಲಿ "ಚೆನ್ನಾಗಿದ್ದೀರಾ?" ಎಂದು ಕೇಳಿದರೆ ಮೊಣಕಾಲು ನೋವಿನಿಂದ ಶುರು ಮಾಡುವವರೇ ಹೆಚ್ಚು. ರಾಯರು ಮಾತ್ರ, "ರಾತ್ರಿ ನೆದರ್ಲ್ಯಾಂಡ್ಸ್‌ನಿಂದ ಬಂದಿದ್ರು" ಎನ್ನುತ್ತಾರೆ. ನೆಂಟರಲ್ಲ, ದಾಳಿಕೋರರು. "ಮೂರೂ ಹನ್ನೆರಡಕ್ಕೆ. ಇಪ್ಪತ್ಮೂರನೇ ಪೋರ್ಟ್‌ಗೆ. ನಾವು ಬಿಡ್ಲಿಲ್ಲ." ಈ 'ನಾವು' ಎಂದರೆ ರಾಯರು ಮತ್ತು ಅವರ ಟಿವಿ ಸ್ಟ್ಯಾಂಡಿನ ಮೇಲೆ ಆಂಟೆನಾ ಎತ್ತಿ ಕೂತಿರುವ ರೌಟರ್.

ರಾಯರು ಆಡಿಟ್ ಇಲಾಖೆಯಲ್ಲಿ ಸವೆದು ನಿವೃತ್ತರಾದವರು. ಎಲ್ಲಿ ಸಾಲುಸಾಲಾಗಿ ಬರೆದದ್ದು ಕಂಡರೂ ಟಿಕ್ ಹಾಕದೆ ಇರಲಾರರು. ಅಮೆರಿಕದಿಂದ ಬಂದಿದ್ದ ಮಗ ಒಂದು ಸಂಜೆ ಬ್ರೌಸರ್‌ನಲ್ಲಿ 192.168.1.1 ಎಂದು ಹೊಡೆದು, ವೈಫೈ ಹೆಸರು ಬದಲಿಸಿ, 'ಸಿಸ್ಟಂ ಲಾಗ್' ಪುಟವನ್ನು ಮುಚ್ಚದೆ ಎದ್ದುಹೋದ. ಅಂದಿನಿಂದ ಪತ್ರಿಕೆಯ ಪದಬಂಧ ಅನಾಥವಾಯಿತು. ಅಟ್ಟದ ಮೇಲಿದ್ದ ಉದ್ದನೆಯ ಲೆಡ್ಜರ್ ಕೆಳಗಿಳಿಯಿತು.

ಮೊದಮೊದಲು ಲಾಗ್ ಹೆಚ್ಚುಕಡಿಮೆ ಖಾಲಿಯೇ ಇತ್ತು. ಅನುಮಾನ ಹುಟ್ಟಿದ್ದೇ ಅದರಿಂದ. ತಪ್ಪೇ ಇಲ್ಲದ ಲೆಕ್ಕವನ್ನು ಯಾವ ಆಡಿಟರ್ ನಂಬಿಯಾನು? ಅಸಲಿಗೆ ಇಂಟರ್ನೆಟ್ ಕಂಪನಿಯವರು ಎಷ್ಟೋ ಮನೆಗಳನ್ನು ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಕೂರಿಸಿದ್ದರು. ಹೊರಗಿನಿಂದ ಬಂದು ತಟ್ಟುವವರು ರಾಯರ ಬಾಗಿಲವರೆಗೆ ಬರುತ್ತಲೇ ಇರಲಿಲ್ಲ. ರಾಯರು 'ಸೇಫ್ಟಿಗೆ' ಎಂದು ಹೆಚ್ಚಿಗೆ ದುಡ್ಡು ಕಟ್ಟಿ ಸ್ಟ್ಯಾಟಿಕ್ ಐಪಿ ತರಿಸಿದರು. ಆ ರಾತ್ರಿಯೇ ಲೆಡ್ಜರಿನ ಎರಡು ಪುಟ ತುಂಬಿದವು. ಅವರ ಮುಖದಲ್ಲಿ ಅಂಥ ಕಳೆ ಮಗನ ಮದುವೆಯಲ್ಲೂ ಇರಲಿಲ್ಲ.

ಎದುರು ಮನೆಯ ಸಾಫ್ಟ್‌ವೇರ್ ಹುಡುಗ ಆ ಕಳೆಯನ್ನು ಕೆಡಿಸಿದ. ಐಪಿವಿ4 ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ತಯಾರಿಸಿದ ಝಡ್‌ಮ್ಯಾಪ್ ಎಂಬ ತಂತ್ರಾಂಶ, ಗಿಗಾಬಿಟ್ ವೇಗದ ಸಂಪರ್ಕವೊಂದಿದ್ದರೆ, ಇಷ್ಟು ವಿಳಾಸಗಳ ಒಂದೊಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿಬಿಡುತ್ತದೆ. "ಅಂಕಲ್, ಸಂಶೋಧಕರು, ಕಳ್ಳರು, ಕಂಪನಿಗಳು, ಎಲ್ಲರೂ ಹಗಲೂ ರಾತ್ರಿ ತಟ್ತಾನೇ ಇರ್ತಾರೆ. ನಿಮ್ಮನ್ನೇ ಹುಡುಕ್ಕೊಂಡು ಬಂದದ್ದಲ್ಲ."

"ನಮ್ಮನೆಗೇ ಅಂತ ಬಂದದ್ದಲ್ವಾ?" ರಾಯರ ದನಿ ಸಣ್ಣದಾಯಿತು.

ಆದರೂ ಕೆಂಪು ಇಂಕು ಆರಲಿಲ್ಲ. 'ಡಾಸ್ ಅಟ್ಯಾಕ್: ಎಸಿಕೆ ಸ್ಕ್ಯಾನ್' ಎಂದು ಲಾಗ್ ಕಿರುಚಿದ ವಿಳಾಸವನ್ನು ಹುಡುಕಿದರೆ ಗೂಗಲ್‌ನದು. ನಾವು ಫೋನಿಟ್ಟ ಮೇಲೂ ಆ ಕಡೆಯವರು ಹಲೋ ಹಲೋ ಎನ್ನುತ್ತಿರುವ ಹಾಗೆ, ಮುಗಿದುಹೋದ ಸಂಪರ್ಕಕ್ಕೆ ತಡವಾಗಿ ಬಂದ ಪ್ಯಾಕೆಟ್‌ಗಳನ್ನು ಕೆಲವು ರೌಟರ್‌ಗಳು ದಾಳಿ ಎಂದೇ ಬರೆದಿಡುತ್ತವೆ. ರಾಯರು ಷರಾ ಹಾಕಿದರು: 'ಗೂಗಲ್: ಕಣ್ಣಿಡತಕ್ಕದ್ದು.'

ಇನ್ನೊಮ್ಮೆ ಕರೆಂಟು ಹೋಗಿ ಬಂದಾಗ, ರೌಟರ್ ಸರಿಯಾದ ಸಮಯ ಕೇಳಿ ತಿಳಿದುಕೊಳ್ಳುವ ಮೊದಲೇ ಒಂದೆರಡು ದಾಳಿ ದಾಖಲಾದವು. ತಾರೀಕು 1970ರ ಜನವರಿ 1. ಗಡಿಯಾರ ತಪ್ಪಿದ ಯಂತ್ರಗಳು ಹೋಗಿ ನಿಲ್ಲುವ ದಿನ ಅದು. ರಾಯರು ಬೆವೆತರು. "ಆಗ ನಾನು ಎಸ್ಸೆಸ್ಸೆಲ್ಸಿ ಕಣಯ್ಯಾ! ಆಗಿಂದ್ಲೇ ನನ್ನ ಮೇಲೆ ಕಣ್ಣಿಟ್ಟಿದಾರೆ!"

ಒಳಶತ್ರುವೂ ಒಬ್ಬ ಸಿಕ್ಕಿದ. 192.168.1.7 ಎಂಬಾತ ದಿನಾ ಸಂಜೆ ಏಳಕ್ಕೆ ಸರಿಯಾಗಿ ಹೊರಗಿನವರೊಂದಿಗೆ ಮಾತಿಗೆ ಕೂರುತ್ತಿದ್ದ. ರಾಯರು ಬ್ಲಾಕ್ ಮಾಡಿದರು. ಹಾಲ್‌ನಿಂದ, "ರೀ, ಧಾರಾವಾಹಿ ನಿಂತೋಯ್ತು" ಎಂದು ಕೇಳಿಸಿತು. ಅಡುಗೆಮನೆಯಿಂದ ಬರಬೇಕಾದ ಕಾಫಿಯೂ ಬ್ಲಾಕ್ ಆಯಿತು. ಎರಡೂ ಒಟ್ಟಿಗೇ ತೆರವಾದವು.

ಕೊನೆಗೆ ಆ ಹುಡುಗ ಲಾಗ್ ಬಿಟ್ಟು ಪಕ್ಕದ ಸೆಟ್ಟಿಂಗ್ಸ್ ಪುಟ ತೆರೆದು ನೋಡಿದ. 'ರಿಮೋಟ್ ಮ್ಯಾನೇಜ್‌ಮೆಂಟ್' ಆನ್ ಆಗಿತ್ತು. ಮಂತ್ರಾಲಯಕ್ಕೆ ಹೋಗಿದ್ದಾಗ ಅಲ್ಲಿಂದಲೇ ಲಾಗ್ ಓದಲೆಂದು ರಾಯರೇ ತೆರೆದಿಟ್ಟ ಬಾಗಿಲು. ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಫರ್ಮ್‌ವೇರ್ ಕೊಂಡ ದಿನದ್ದು.

ಹುಡುಗ ತಲೆ ಮೇಲೆ ಕೈಯಿಟ್ಟು ಮಿರಾಯ್ ಎಂಬ ಕುತಂತ್ರಾಂಶದ ಕಥೆ ಹೇಳಿದ. ಅಮೆರಿಕದ ಕಾಲೇಜು ವಯಸ್ಸಿನ ಹುಡುಗರು ಕಟ್ಟಿದ್ದು. ಕಂಪನಿಯವರೇ ಕೊಟ್ಟು ಯಾರೂ ಬದಲಿಸದ ಹೆಸರು–ಪಾಸ್‌ವರ್ಡ್‌ಗಳ ಅರವತ್ತು ಚಿಲ್ಲರೆ ಜೋಡಿ ಹಿಡಿದು ಕ್ಯಾಮೆರಾ, ರೌಟರ್‌ಗಳೊಳಗೆ ನುಗ್ಗಿತು. ಹಾಗೆ ವಶವಾದ ಯಂತ್ರಗಳ ದಂಡು 2016ರ ಅಕ್ಟೋಬರ್‌ನಲ್ಲಿ ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೂ ಎಷ್ಟೋ ಜನರಿಗೆ ಕೆಲವು ಗಂಟೆ ಸಿಗದೆ ಹೋದವು. "ಆ ಪಟ್ಟೀಲಿ ಅಡ್ಮಿನ್–ಅಡ್ಮಿನ್ನೂ ಇತ್ತು ಅಂಕಲ್. ನೀವು ಟಿಕ್ ಹಾಕ್ತಿರೋದೆಲ್ಲ ಒಳಗೆ ಬರದೇ ಹೋದವರ ಲೆಕ್ಕ. ಬಂದವರದ್ದು ನೋಡಿದೀರಾ?"

ರಾಯರು ಕನ್ನಡಕ ಸರಿಮಾಡಿಕೊಂಡರು. "ಅಲ್ಲಯ್ಯಾ, ಸರಿಯಾದ ಪಾಸ್‌ವರ್ಡ್ ಕೊಟ್ಟು ಬಂದೋರಿಗೆ ಆಕ್ಷೇಪಣೆ ಹಾಕೋದು ಹೇಗೆ? ವೋಚರ್ ಸರಿಯಾಗೇ ಇದೆಯಲ್ಲ!"

ಹುಡುಗ ಪಾಸ್‌ವರ್ಡ್ ಬದಲಿಸಿದ, ಫರ್ಮ್‌ವೇರ್ ಹೊಸದು ಹಾಕಿದ, ರಿಮೋಟ್ ಬಾಗಿಲು ಮುಚ್ಚಿದ. ಇನ್ನು ಲಾಗ್ ಓದಬೇಕೆಂದರೆ ಮನೆಯಲ್ಲೇ ಕೂರಬೇಕು. ಮುಂದಿನ ವಾರದ ತಿರುಪತಿ ಯಾತ್ರೆಗೆ ರಾಯರ ಮನೆಯವರು ತಂಗಿಯನ್ನು ಜೊತೆ ಮಾಡಿಕೊಂಡು ಹೊರಟರು. ರಾಯರು ಬರಲಿಲ್ಲವೇ ಎಂದು ಕೇಳಿದೆ.

"ಅವರಿಗೆ ರಜಾ ಸಿಗಲಿಲ್ವಂತೆ" ಎಂದರು.