ಅವ್ವ ಕಂಬವಾದದ್ದು

ಕಲಬುರಗಿಯ ನಮ್ಮ ಮನೆಗೆ ಮೊದಲ ಫ್ರಿಜ್ ಬಂದದ್ದು ಹೈದರಾಬಾದಿನಿಂದ. ಹೈದರಾಬಾದ್ ಆಲ್ವಿನ್ ಕಂಪನಿಯದು. ಅಡಿಗೆಮನೆಯಲ್ಲಿ ಜಾಗವಿತ್ತು, ಆದರೂ ಪಡಸಾಲೆಯಲ್ಲೇ ನಿಂತಿತು. ಬಂದವರ ಕಣ್ಣಿಗೆ ಬೀಳದಿದ್ದರೆ ಅಷ್ಟು ದುಡ್ಡು ಕೊಟ್ಟಿದ್ದೇಕೆ? ಅವ್ವ ಕುಂಕುಮ ಹಚ್ಚಿ, ತಲೆಗೆ ಕಸೂತಿ ಬಟ್ಟೆ ಹೊದಿಸಿ, ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಓಣಿಯವರೆಲ್ಲ ನೋಡಲು ಬಂದರು. ಅವರಲ್ಲೊಬ್ಬ ಕಾಕಾ ಮುಂದಿನ ಬಾಗಿಲನ್ನು ಬಿಟ್ಟು ನೇರ ಹಿಂದಕ್ಕೆ ಹೋಗಿ ಜಾಲರಿ ಮುಟ್ಟಿದರು. "ಹಿಂದ ಬಿಸಿ ಬರ್ಲಕತ್ತದಲ್ಲೋ! ಕೆಟ್ಟದ್ದು ಕೊಟ್ಟಾರ, ವಾಪಸ್ ಕಳಸ್ರಿ." ಒಳಗಿನ ಬಿಸಿಯನ್ನು ಎಳೆದು ಹಿಂದೆ ಚೆಲ್ಲುವುದೇ ಅದರ ಕೆಲಸ ಅಂತ ಯಾರಿಗೂ ಗೊತ್ತಿರಲಿಲ್ಲ. ಎರಡು ದಿನ ಮನೆ ಸೂತಕದಂತಿತ್ತು. ಮೂರನೆಯ ದಿನ ಕಾಕಾ ತಾವೇ ಬರ್ಫ ಕೇಳಿಕೊಂಡು ಬಂದರು.

ಈಗ ನಾನು ಹೈದರಾಬಾದಿನ ಮಿಯಾಪುರದ ಫ್ಲ್ಯಾಟಿನಲ್ಲಿದ್ದೇನೆ. ಹೊಸ ಯಂತ್ರ ಬಂದರೆ ನೋಡಲು ಯಾರೂ ಬರುವುದಿಲ್ಲ. ಪಾರ್ಸಲ್ ಹುಡುಗನೂ ಬೆಲ್ ಒತ್ತಿ ಲಿಫ್ಟ್ ಹಿಡಿಯುತ್ತಾನೆ. ಮೊದಲು ಕೋಠಿಯ ಗುಜರಾತಿ ಗಲ್ಲಿಯಲ್ಲಿ ಒಂದು ರೇಡಿಯೋ ಕೊಂಡರೂ ಅಂಗಡಿಯವ ಹಚ್ಚಿ, ದನಿ ಏರಿಸಿ, "ಸುನೋ ಸಾಬ್" ಅಂತ ನಮ್ಮ ಪರವಾಗಿ ತಾನೇ ಬೆರಗಾಗುತ್ತಿದ್ದ. ಅದರ ಕೂಲಿಯೂ ಬೆಲೆಯಲ್ಲೇ ಸೇರಿರುತ್ತಿತ್ತು ಅನ್ನಿ.

ಮೊನ್ನೆ ಬಂದದ್ದು ಕಸ ಗುಡಿಸುವ ರೋಬೋ. ರೊಟ್ಟಿ ಬೇಯಿಸುವ ಹಂಚಿನಷ್ಟಗಲ, ನೆತ್ತಿಯ ಮೇಲೊಂದು ಗುಬಟು. ಆ ಗುಬಟಿನಿಂದ ಲೇಸರ್ ಕಿರಣ ಸುತ್ತಲೂ ತಿರುಗಿ, ಎಲ್ಲಿ ತಾಗಿ ಮರಳಿತೋ ಅಲ್ಲೊಂದು ಗೋಡೆ ಎಂದು ಬರೆದುಕೊಂಡು, ನನ್ನ ಫೋನಿನಲ್ಲಿ ಮನೆಯ ನಕ್ಷೆ ಬಿಡಿಸುತ್ತದೆ. ಫ್ರಿಜ್ಜನ್ನು ನಾವು ನೋಡಿದ್ದೆವು. ಇದು ನಮ್ಮನ್ನು ನೋಡಲು ಬಂದಿತ್ತು, ಹೆಣ್ಣು ನೋಡಲು ಬಂದ ಬೀಗರ ಹಾಗೆ ಮೂಲೆ ಮೂಲೆ ಇಣುಕುತ್ತ.

ಊರಿಂದ ಬಂದಿದ್ದ ಅವ್ವ ದೇವರ ಮುಂದೆ ಜಪಕ್ಕೆ ಕೂತಿದ್ದಳು. ಯಂತ್ರ ಹತ್ತಿರ ಬಂದು, ನಿಂತು, ಯೋಚಿಸಿ, ಪ್ರದಕ್ಷಿಣೆ ಹಾಕಿ ಹೋಯಿತು. ಫೋನ್ ತೆಗೆದು ನೋಡಿದರೆ ಅಲ್ಲೊಂದು ಕಂಬ. ಅವಳಿಗೆ ತೋರಿಸಲಿಲ್ಲ. ಜಪ ಮುಗಿದು ಎದ್ದವಳ ಹಿಂದೆಯೇ ಅದೂ ಹೊರಟಿತು. "ಇದ್ಯಾಕ ನನ್ನ ಬೆನ್ನು ಹತ್ಯದ?" ಅನ್ನುತ್ತ ದಿವಾನದ ಮೇಲೆ ಕಾಲು ಮಡಚಿ ಕೂತಳು. ಕೆಲಸಕ್ಕೆ ಬರುವ ಲಕ್ಷ್ಮಮ್ಮ ಬಾಗಿಲಲ್ಲೇ ಸೆರಗು ಸಿಕ್ಕಿಸಿಕೊಂಡು ನಿಂತು, ಎರಡು ಸುತ್ತು ನೋಡಿ, ತೆಲುಗಿನಲ್ಲಿ ಒಂದೇ ಪ್ರಶ್ನೆ ಕೇಳಿದಳು: ಇದಕ್ಕೂ ಚಾ ಕೊಡಬೇಕಾ?

ಮಧ್ಯಾಹ್ನ ಅವ್ವ ನೆಲಕ್ಕೆ ಕೂತು ಜೋಳದ ರೊಟ್ಟಿ ಬಡಿಯತೊಡಗಿದಳು. ಚೆಲ್ಲಿದ ಹಿಟ್ಟೆಲ್ಲ ನನ್ನದೇ ಎಂದು ಯಂತ್ರ ನುಗ್ಗಿತು. ಅವ್ವ ರೊಟ್ಟಿ ಬಡಿಯುವ ಕೈಯಲ್ಲೇ ಅದರ ಗುಬಟಿಗೆ ಒಂದು ಕೊಟ್ಟಳು. ಅದು ದಿವಾನದ ಕೆಳಗೆ ಓಡಿ ಸಿಕ್ಕಿಕೊಂಡು, ಕಾಪಾಡಿ ಎಂದು ಇಂಗ್ಲಿಷಿನಲ್ಲಿ ಗೋಗರೆಯಿತು. ಅಂಗಾತ ಮಲಗಿ ಎಳೆದವನು ನಾನು. ಕೆಳಗಿದ್ದ ಧೂಳೆಲ್ಲ ನನ್ನ ಅಂಗಿಗೆ. ಆ ಮೂಲೆಯಂತೂ ಸ್ವಚ್ಛವಾಯಿತು.

ಭಾನುವಾರ ಮೆಟ್ರೋದಲ್ಲಿ ಎಂಜಿಬಿಎಸ್ ನಿಲ್ದಾಣದವರೆಗೆ, ಅಲ್ಲಿಂದ ಆಟೋದಲ್ಲಿ ಮೂಸಿ ದಂಡೆಯ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಅವ್ವನನ್ನು ಕರೆದೊಯ್ದೆ. ಮೂರನೆಯ ಸಾಲಾರ್ ಜಂಗರ ಸಂಗ್ರಹ. ಜನರ ನೋಟಕ್ಕೆ ತೆರೆದದ್ದು 1951ರಲ್ಲಿ, ಈ ಕಟ್ಟಡಕ್ಕೆ ಬಂದದ್ದು 1968ರಲ್ಲಿ. ಅಲ್ಲಿ ಕುಕ್ ಅಂಡ್ ಕೆಲ್ವಿಯವರ ಗಡಿಯಾರವೊಂದಿದೆ. ಅದರೊಳಗೊಬ್ಬ ಕಮ್ಮಾರ ಕ್ಷಣಕ್ಕೊಂದು ಪೆಟ್ಟು ಹಾಕುತ್ತಿರುತ್ತಾನೆ. ಗಂಟೆಯಾದಾಗ ಇನ್ನೊಬ್ಬ ಪುಟ್ಟ ಮನುಷ್ಯ ಬಾಗಿಲು ದಾಟಿ ಬಂದು ಜಾಗಟೆ ಬಾರಿಸಿ ಹೋಗುತ್ತಾನೆ. ಹನ್ನೆರಡು ಹೊಡೆಯುವಾಗ ಜಾತ್ರೆಯಷ್ಟು ಜನ. ಎಲ್ಲರ ಕಿಸೆಯಲ್ಲೂ ಗಂಟೆ ತೋರಿಸುವ ಫೋನು, ಎಲ್ಲರ ಬಾಯಿ ಅರ್ಧ ತೆರೆದದ್ದು. ಜನರ ನಡುವೆ ಅವ್ವ ಅಲುಗಾಡದೆ ಕೂತಿದ್ದಳು, ಥೇಟ್ ಕಂಬ.

ಹನ್ನೆರಡನೆಯ ಪೆಟ್ಟಾಯಿತು, ಅವನು ಒಳಗೆ ಹೋದ.

"ನೋಡಪಾ, ತನ್ನ ಕೆಲಸ ಮಾಡಿ ಸುಮ್ನ ಒಳಗ ಹೋದ. ಯಾರ ಬೆನ್ನೂ ಹತ್ಲಿಲ್ಲ," ಅಂದಳು ಅವ್ವ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಒಂದಕ್ಕ ಮತ್ತ ಬರ್ತಾನಲ್ಲ? ಇಲ್ಲೇ ಕುಂದ್ರೂಣು."