ನಾಲ್ಕು ತಾಲ್ಲೂಕು ತಿರುಗಿದ ಪಿ0016

ಹೊನ್ನಾಳಿಯ ತುಂಗಭದ್ರಾ ಸೇತುವೆ ಮೇಲೆ ಕಾರಿನ ಹಳದಿ ಎಂಜಿನ್ ಲೈಟ್ ಹತ್ತಿತು. "ಅದೇನ್ರೀ, ಆಮೆ ಥರ ಇದೆ?" ಅಂದಳು ನಮ್ಮಾಕೆ. ಎಂಜಿನ್ನಿನ ಚಿತ್ರ ಬಿಡಿಸಿದವನನ್ನೇ ಕೇಳಬೇಕು.

ಸೇತುವೆ ದಾಟಿದ ಮೇಲೆ ಸಿಕ್ಕ ಗ್ಯಾರೇಜಿನವ ಬ್ಯಾಟರಿ ವೈರ್ ಬಿಚ್ಚಿ, ನನ್ನ ದುಡ್ಡಲ್ಲೇ ಒಂದು ಟೀ ಕುಡಿದು, ಮತ್ತೆ ಸಿಕ್ಕಿಸಿದ. ಲೈಟ್ ಮಾಯ. ನೆನಪು ಅಳಿಸಿದರೆ ಸಾಕು, ರೋಗ ಹೋಯಿತು ಅನ್ನುವುದಾದರೆ ನನ್ನ ಬ್ಯಾಂಕ್ ಸಾಲಕ್ಕೂ ಇವನನ್ನೇ ಕರೆಸಬಹುದಿತ್ತು. ಮರುದಿನ ನ್ಯಾಮತಿಗೆ ಹೋಗುವಷ್ಟರಲ್ಲಿ ಆಮೆ ಮತ್ತೆ ತಲೆ ಹೊರಗೆ ಹಾಕಿತ್ತು.

ನ್ಯಾಮತಿಯ ಹುಡುಗನ ಹತ್ತಿರ ಸ್ಕ್ಯಾನರ್ ಇತ್ತು. ಸ್ಟೇರಿಂಗ್ ಕೆಳಗೆ, ಮೊಣಕಾಲು ತಾಗುವ ಕಡೆ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅಮೆರಿಕದವರು 1996ರಲ್ಲೇ ಹೊಸ ಕಾರುಗಳಿಗೆಲ್ಲ ಕಡ್ಡಾಯ ಮಾಡಿದ್ದು. ನನಗೆ ಅದು ಇದೆ ಅಂತ ಗೊತ್ತಾಗಿದ್ದು ಅವತ್ತೇ. ಪರದೆ ಮೇಲೆ ಪಿ0016 ಅಂತ ಬಂತು. "ಕ್ಯಾಮ್ ಸೆನ್ಸರ್ ಹೋಗಿದೆ ಅಂಕಲ್" ಅಂದ. ಹಾಕಿಸಿದೆ. ಮೂರನೇ ದಿನ ಆಮೆ ಹಾಜರ್.

ಆ ಕೋಡು ಹೇಳುವುದೇ ಬೇರೆ. ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಮೇಲಿನ ಕ್ಯಾಮ್ ಒಂದು ಸುತ್ತು ಹಾಕಬೇಕು. ನಡುವೆ ಟೈಮಿಂಗ್ ಚೈನು. ಮೇಲೊಂದು ಕೆಳಗೊಂದು ಸೆನ್ಸರ್ ಕೂತು ಕಂಪ್ಯೂಟರಿಗೆ ಸಾಕ್ಷಿ ಹೇಳುತ್ತವೆ. ಇಬ್ಬರ ಮಾತು ತಾಳೆಯಾಗುತ್ತಿಲ್ಲ ಅನ್ನುವುದಷ್ಟೇ ಪಿ0016. ಯಾರು ಸುಳ್ಳ ಅಂತ ಅದು ಹೇಳುವುದಿಲ್ಲ. ಹುಡುಗ ತೀರ್ಪಿಗೆ ಕಾಯದೆ ಒಬ್ಬ ಸಾಕ್ಷಿಯನ್ನೇ ಮನೆಗೆ ಕಳಿಸಿದ್ದ.

ಚನ್ನಗಿರಿಯಲ್ಲಿ ಭಾವಮೈದುನ ತೋರಿಸಿದ ಜಾಗದಲ್ಲಿ ನೋಡಿದ್ದೂ ಇಲ್ಲ, ಕೇಳಿದ್ದೂ ಇಲ್ಲ. "ಚೈನು, ಟೆನ್ಷನರ್, ಗೇರು, ಪೂರಾ ಸೆಟ್ ಇಳಿಸಿಬಿಡೋಣ." ಅಡಿಕೆ ಸೀಮೆಯಲ್ಲವೇ, ಎಸ್ಟಿಮೇಟ್ ಕೇಳಿದ ಭಾವಮೈದುನ ತಣ್ಣಗೆ "ಅರ್ಧ ಕ್ವಿಂಟಲ್ ರಾಶಿ ಅಡಿಕೆ, ಅಷ್ಟೇ ಭಾವ" ಅಂದ. ಅಡಿಕೆ ತೋಟ ಇರುವುದು ಅವನಿಗೆ. ನನಗಿರುವುದು ಪಿಂಚಣಿ.

ಜಗಳೂರಿಗೆ ಹೋಗಿದ್ದು ಬೀಗರ ಮನೆಯ ನಾಮಕರಣಕ್ಕೆ. ಮೆಕ್ಕೆಜೋಳದ ರಾಶಿ ಪಕ್ಕದಲ್ಲಿ ನಿಲ್ಲಿಸಿದ್ದ ಕಾರನ್ನು ಬೀಗರ ಕಡೆಯ ವಯಸ್ಸಾದ ಮೇಸ್ತ್ರಿ ಮುಟ್ಟಲೇ ಇಲ್ಲ. "ರಾತ್ರಿ ಆರ್ಲಿ, ಬೆಳಿಗ್ಗೆ ನೀವೇ ಸ್ಟಾರ್ಟ್ ಮಾಡ್ರಿ" ಅಂದರು. ಬೆಳಿಗ್ಗೆ ತಲೆ ಓರೆ ಮಾಡಿ ಕೇಳಿಸಿಕೊಂಡರು. ತಣ್ಣಗಿನ ಎಂಜಿನ್ನು ಶುರುವಿಗೆ ಗರಗರ ಅಂದರೆ ಚೈನು ಸಡಿಲವಂತೆ. ಅದು ಹಲ್ಲು ಹಾರಿದರೆ ಕೆಲವು ಎಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ಬಾಗುತ್ತದಂತೆ. ನಮ್ಮದು ಗರಗರ ಅನ್ನಲಿಲ್ಲ. ಆಮೇಲೆ ಆಯಿಲ್ ಕಡ್ಡಿ ಎಳೆದು, ತುದಿಯ ಹನಿಯನ್ನು ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದರು.

"ಆಯಿಲ್ ಯಾವಾಗ ಬದಲಿಸಿದ್ರಿ?"

"ಮೊನ್ನೆ ಮೊನ್ನೆ."

"ಮಗೂಗೆ ಕಾಡಿಗೆ ಹಚ್ಚಬಹುದು, ಹಂಗಿದೆ."

ಬೀಗರ ಮುಂದೆ ಮಾನ ಹೋಯಿತು. ನನ್ನ ಕಾರಿನಂಥವುಗಳಲ್ಲಿ ಕ್ಯಾಮನ್ನು ಒಂಚೂರು ಹಿಂದೆ ಮುಂದೆ ತಿರುಗಿಸುವುದು ಆಯಿಲ್ ಒತ್ತಡವೇ, ಅದೂ ಬೆರಳುದ್ದದ ಒಂದು ವಾಲ್ವಿನ ಮೂಲಕ. ಅದರ ಜರಡಿಗೆ ಮಡ್ಡಿ ಕಟ್ಟಿ ಕ್ಯಾಮ್ ಸಿಕ್ಕಿಕೊಂಡಿತ್ತು. ಜರಡಿ ತೊಳೆದು, ಆಯಿಲ್, ಫಿಲ್ಟರ್ ಬದಲಿಸಿ, ಆಮೇಲೆ ಕೋಡ್ ಅಳಿಸಿದರು. ಆಮೆ ಮತ್ತೆ ಬಂದಿಲ್ಲ.

ನ್ಯಾಮತಿಯಲ್ಲಿ ಬಿಚ್ಚಿದ ಹಳೇ ಸೆನ್ಸರನ್ನು ಪರೀಕ್ಷಿಸಿದರೆ, ಅದು ಸರಿಯಾಗೇ ಇತ್ತು. ಕರ್ಚೀಫಿನಲ್ಲಿ ಸುತ್ತಿ ಕಾರಲ್ಲೇ ಇಟ್ಟುಕೊಂಡಿದ್ದೇನೆ. ನಿಜ ಹೇಳಿ ಕೆಲಸ ಕಳೆದುಕೊಂಡದ್ದು, ಪಾಪ.